ಹೀಟರ್ ಕಡ್ಡಿ ಎತ್ತ ಎಳೆದರೂ ತಣ್ಣನೆಯ ಗಾಳಿಯೇ: 1999ರ ಕಾರು, ಆಗುಂಬೆ ಘಾಟಿ, ಸುರಿಯುವ ಮಳೆ

ತುಂಗೆಯ ದಡ (ತೀರ್ಥಹಳ್ಳಿ) | ಜೂನ್ 14, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಈ ವೇದಿಕೆಯಲ್ಲಿ ಓದಿಕೊಂಡು ಹೋಗುವುದೇ ನನ್ನ ರೂಢಿ, ಬರೆಯುತ್ತಿರುವುದು ಮೊದಲ ಸಲ.

ನಮ್ಮ ಮನೆಯದು 1999ರ ಮಾಡೆಲ್, ಕಾರ್ಬುರೇಟರ್ ಇರುವ ಸಣ್ಣ ಪೆಟ್ರೋಲ್ ಕಾರು. 2009ರಲ್ಲಿ ಅಪ್ಪ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಷ್ಟು ವರ್ಷ ಚಾಕರಿ ಮಾಡಿದ ಗಾಡಿಯ ಮಾನವನ್ನು ಹತ್ತು ಜನರ ಮುಂದೆ ಕಳೆಯಲು ಮನಸ್ಸಿಲ್ಲ. ಎಸಿ ಇಲ್ಲ. ಹೀಟರ್ ಇದೆ, ಅಂದರೆ ಇದೆ ಎಂದು ಡ್ಯಾಶ್‌ಬೋರ್ಡ್ ಹೇಳುತ್ತದೆ: ಒಂದು ತುದಿಯಲ್ಲಿ ನೀಲಿ, ಇನ್ನೊಂದು ತುದಿಯಲ್ಲಿ ಕೆಂಪು, ನಡುವೆ ಜಾರಿಸುವ ಒಂದು ಕಡ್ಡಿ.

ಆ ಕಡ್ಡಿ ನಮ್ಮ ಶಾಲೆಯ ಮಣಿಚೌಕಟ್ಟಿನ ಮಣಿಯಂತೆ ಅತ್ತಿಂದಿತ್ತ ಜಾರುತ್ತದೆ, ಒಂದಿಷ್ಟೂ ಬಿಗಿ ಇಲ್ಲ. ನೀಲಿಗೆ ಇಟ್ಟರೂ ತಣ್ಣಗೆ, ಕೆಂಪಿಗೆ ಇಟ್ಟರೂ ತಣ್ಣಗೆ. ಬ್ಲೋವರ್‌ಗೆ ಮೂರು ವೇಗ ಇರಬೇಕು. ಒಂದು, ಎರಡು ಸತ್ತಿವೆ, ಮೂರು ಮಾತ್ರ ಗುಂಯ್‌ಗುಡುತ್ತದೆ.

ಕಳೆದ ವಾರ ಅಮ್ಮನನ್ನು ಉಡುಪಿ ಕಡೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಆರನೆಯದೋ ಏಳನೆಯದೋ ಇರಬೇಕು, ಮುಂಗಾಜಿನ ಒಳಗಡೆ ಆವಿ ಕಟ್ಟಿ ಎದುರಿಗೆ ಬರುವ ಬಸ್ಸಿನ ದೀಪ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು. ಅಮ್ಮ ಸೆರಗಿನಿಂದ ಗಾಜು ಒರೆಸುತ್ತಿದ್ದರು, ಅವರು ಒರೆಸಿದ ಆ ಅಂಗೈಯಗಲದ ಕಿಂಡಿಯಿಂದ ನಾನು ನೋಡುತ್ತಾ ಓಡಿಸಿದೆ. ಊರಿನ ಗ್ಯಾರೇಜಿನಲ್ಲಿ ಕೇಳಿದರೆ, “ಹೀಟರ್ ಯಾಕೆ ಬೇಕು, ನಾವೇನು ಕಾಶ್ಮೀರದಲ್ಲಿದ್ದೇವೆಯೇ” ಎಂದು ನಕ್ಕರು. ಮಳೆಗಾಲ ಈಗಷ್ಟೇ ಶುರು. ನಾನೇ ಬಿಚ್ಚಿ ನೋಡಬಹುದೇ? ಎಲ್ಲಿಂದ ಆರಂಭಿಸಲಿ?

ಹಳೇ ಸ್ಪ್ಯಾನರ್ (ಹಾಸನ) | ಜೂನ್ 14, ರಾತ್ರಿ 10.25

ಧಾರಾಳವಾಗಿ ನೋಡಬಹುದು ತಮ್ಮಾ. ಆದರೆ ಮೊದಲು ಕಡ್ಡಿಯ ತಂಟೆಗೆ ಹೋಗಬೇಡ, ಬಾನೆಟ್ ಎತ್ತು.

ಹೀಟರ್ ಎಂದರೆ ಕಾರಿನೊಳಗೆ ಬೇರೆ ಒಲೆ ಏನೂ ಇರುವುದಿಲ್ಲ. ಇಂಜಿನ್ ಸುತ್ತ ತಿರುಗಿ ಬಿಸಿಯಾದ ನೀರನ್ನೇ ಎರಡು ರಬ್ಬರ್ ಪೈಪುಗಳಲ್ಲಿ ಒಳಕ್ಕೆ ತಂದು, ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನಲ್ಲಿ ಹಾಯಿಸಿ ವಾಪಸ್ ಕಳಿಸುತ್ತಾರೆ. ಆ ಪುಟ್ಟ ರೇಡಿಯೇಟರನ್ನು ನಾವು ಹೀಟರ್ ಕಾಯಿಲ್ ಎನ್ನುತ್ತೇವೆ. ಬ್ಲೋವರ್ ಅದರ ಮೈಮೇಲೆ ಗಾಳಿ ಊದುತ್ತದೆ, ಅಷ್ಟೇ. ನಿನ್ನ ಗಾಡಿಯಂಥ ಹಳೆಯ ಮಾದರಿಗಳಲ್ಲಿ ಒಳಕ್ಕೆ ಹೋಗುವ ಪೈಪಿನ ಮೇಲೆ ಒಂದು ವಾಲ್ವ್ ಇರುತ್ತದೆ. ಕಡ್ಡಿ ಜಾರಿಸಿದರೆ ತಂತಿ ಎಳೆಯುತ್ತದೆ, ತಂತಿ ವಾಲ್ವನ್ನು ತಿರುಗಿಸುತ್ತದೆ. ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿದ್ದು ನಲ್ಲಿಯಲ್ಲಿ ಬರದಿದ್ದರೆ ಏನೇನು ನೋಡುತ್ತೀಯೋ ಅದನ್ನೇ ಇಲ್ಲೂ ನೋಡಬೇಕು.

ಗಾಡಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ತುಂಬಿದೆಯೇ ನೋಡು. ಬಿಸಿಯಾಗಿರುವಾಗ ಮಾತ್ರ ಆ ಮುಚ್ಚಳ ಮುಟ್ಟಬೇಡ. ಒಳಗೆ ಒತ್ತಡ ಇರುತ್ತದೆ, ಮುಖಕ್ಕೇ ಚಿಮ್ಮುತ್ತದೆ. ಆಮೇಲೆ ಇಂಜಿನ್ ಹಾಕಿ, ಕಡ್ಡಿಯನ್ನು ಕೆಂಪಿಗೆ ಇಟ್ಟು, ಉಷ್ಣತೆಯ ಮುಳ್ಳು ನಡುವಿಗೆ ಬರುವವರೆಗೆ ಕಾಯಿ. ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ತಗಡಿನ ಗೋಡೆ ಇದೆಯಲ್ಲ, ಅಲ್ಲಿ ಒಳಕ್ಕೆ ಹೋಗುವ ಎರಡು ಪೈಪುಗಳನ್ನು ಬಟ್ಟೆ ಹಿಡಿದು ಮುಟ್ಟು. ಎರಡೂ ಬಿಸಿ ಇದ್ದರೆ ನೀರು ಹರಿಯುತ್ತಿದೆ, ರೋಗ ಒಳಗಿನ ಗಾಳಿಯ ದಾರಿಯಲ್ಲಿದೆ. ಒಂದು ಬಿಸಿ, ಒಂದು ತಣ್ಣಗೆ ಎಂದರೆ ಕಾಯಿಲ್ ಕಟ್ಟಿದೆ ಅಥವಾ ವಾಲ್ವ್ ಮುಚ್ಚಿದೆ. ಎರಡೂ ತಣ್ಣಗಿದ್ದರೆ ನೀರು ಅಲ್ಲಿಯವರೆಗೆ ಬರುತ್ತಲೇ ಇಲ್ಲ. ಇಷ್ಟು ಮಾಡಿ ಬರೆ.

ಸಿಗ್ನಲ್ ಮುಂದೆ ನಿಂತವನು (ಬೆಂಗಳೂರು) | ಜೂನ್ 15, ಬೆಳಿಗ್ಗೆ 8.05

ಅಷ್ಟೆಲ್ಲ ಯಾಕೆ ಸರ್? ಕಿಟಕಿ ಒಂದಿಂಚು ಇಳಿಸಿ ಓಡಿಸಿದರೆ ಆವಿ ಹೋಗುತ್ತದೆ. ಹಳೆಯ ಗಾಡಿಯಲ್ಲಿ ಥರ್ಮೋಸ್ಟಾಟ್ ಕೂಡ ತೆಗೆದು ಬಿಸಾಡಿ, ಇಂಜಿನ್ ತಣ್ಣಗಿರುತ್ತದೆ. ನನ್ನದರಲ್ಲಿ ಹಾಗೆಯೇ ಮಾಡಿಸಿದ್ದೇನೆ.

ಹಳೇ ಸ್ಪ್ಯಾನರ್ | ಜೂನ್ 15, ಬೆಳಿಗ್ಗೆ 9.10

ಆಗುಂಬೆಯ ಮಳೆಯಲ್ಲಿ ಕಿಟಕಿ ಒಂದಿಂಚು ಇಳಿಸಿದರೆ ಏನಾಗುತ್ತದೆ ಎಂದು ಒಮ್ಮೆ ಬಂದು ನೋಡಿ.

ಥರ್ಮೋಸ್ಟಾಟ್ ವಿಷಯ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ಅದು ಬಾಯಿ ತೆರೆಯುತ್ತದೆ. ಅಲ್ಲಿಯವರೆಗೆ ನೀರನ್ನು ದೊಡ್ಡ ರೇಡಿಯೇಟರಿಗೆ ಬಿಡದೆ ಇಂಜಿನ್ನಿನಲ್ಲೇ ಸುತ್ತಿಸುತ್ತದೆ, ಬೇಗ ಬಿಸಿಯಾಗಲಿ ಎಂದು. ಅದನ್ನು ಕಿತ್ತರೆ ಇಂಜಿನ್ ಹದಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಒಳಭಾಗ ಬೇಗ ಸವೆಯುತ್ತದೆ. ಹೀಟರ್ ಅಂತೂ ಬೆಚ್ಚಗಾಗುವುದೇ ಇಲ್ಲ. ಡಿಪೋದಲ್ಲಿ ಮೂವತ್ತು ವರ್ಷ ಬಸ್ಸುಗಳ ಕೆಳಗೆ ಮಲಗಿದವನು ನಾನು. ಥರ್ಮೋಸ್ಟಾಟ್ ಕಿತ್ತು ಇಂಜಿನ್ ಉಳಿಸಿದವರನ್ನು ಒಬ್ಬರನ್ನೂ ನೋಡಿಲ್ಲ.

ತುಂಗೆಯ ದಡ | ಜೂನ್ 15, ಸಂಜೆ 6.30

ತಮ್ಮ ಅಲ್ಲ ಸರ್, ತಂಗಿ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ.

ನೀವು ಹೇಳಿದ ಹಾಗೆಯೇ ಮಾಡಿದೆ. ನೀರು ತುಂಬಿದೆ, ಆದರೆ ಬಣ್ಣ ಹಳೆಯ ಚಹಾದಂತಿದೆ. ಗೋಡೆಯ ಹತ್ತಿರದ ಎರಡೂ ಪೈಪು ತಣ್ಣಗಿವೆ. ಉಷ್ಣತೆಯ ಮುಳ್ಳು ನಡುವಿಗೆ ಬಂದು ಕಾಲು ಗಂಟೆಯಾದರೂ ತಣ್ಣಗೇ.

ತಾಳ್ಮೆ ತಡೆಯದೆ ಡ್ಯಾಶ್‌ಬೋರ್ಡ್ ಕೆಳಗೂ ತಲೆ ಹಾಕಿದೆ. ಎಡಗಡೆಯ ಸೀಟನ್ನು ಹಿಂದಕ್ಕೆ ತಳ್ಳಿ, ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ, ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ನೋಡಿದರೆ ಕಡ್ಡಿ ಯಾಕೆ ಅಷ್ಟು ಸಲೀಸಾಗಿ ಜಾರುತ್ತದೆ ಎಂದು ತಿಳಿಯಿತು. ಸೈಕಲ್ಲಿನ ಬ್ರೇಕ್ ತಂತಿಯ ಹಾಗೆಯೇ ಇದೆ: ಒಳಗೆ ಉಕ್ಕಿನ ಎಳೆ, ಹೊರಗೆ ಕಪ್ಪು ಕವಚ. ಕವಚವನ್ನು ಹಿಡಿದಿಡಬೇಕಾದ ಪ್ಲಾಸ್ಟಿಕ್ ಕ್ಲಿಪ್ ಮುರಿದು ಎರಡು ಹೋಳಾಗಿದೆ. ಕಡ್ಡಿ ಎಳೆದರೆ ಒಳಗಿನ ಎಳೆಯ ಜೊತೆಗೆ ಕವಚವೂ ಹಿಂದೆ ಮುಂದೆ ಓಡಾಡುತ್ತದೆ, ಆಚೆ ತುದಿಗೆ ಏನೂ ತಲುಪುವುದಿಲ್ಲ. ಮುರಿದ ಹೋಳು ಕಾರ್ಪೆಟ್ಟಿನ ಮೇಲೆ ಸಿಕ್ಕಿತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಪುಡಿಯಾಯಿತು.

ಹಳೇ ಸ್ಪ್ಯಾನರ್ | ಜೂನ್ 15, ಸಂಜೆ 7.15

ಕ್ಷಮಿಸು ತಂಗಿ. ಗಣಿತದ ಮೇಡಂ ಎಂದ ಮೇಲೆ ಹೆಚ್ಚು ವಿವರಿಸಬೇಕಾಗಿಲ್ಲ.

ಹಳೆಯ ಪ್ಲಾಸ್ಟಿಕ್ ಬಿಸಿಲಿಗೆ ಹಾಗೆಯೇ ಆಗುತ್ತದೆ. ಅದೇ ಕ್ಲಿಪ್ಪಿಗಾಗಿ ಅಂಗಡಿ ಅಂಗಡಿ ಸುತ್ತಬೇಡ. ಅದೇ ಅಳತೆಯ ಸಣ್ಣ ತಗಡಿನ ಪಟ್ಟಿಯನ್ನು ಬಗ್ಗಿಸಿ ಒಂದು ಸ್ಕ್ರೂ ಹೊಡೆದರೆ ಗಾಡಿಗಿಂತ ಹೆಚ್ಚು ಕಾಲ ಬರುತ್ತದೆ. ಆದರೆ ಕವಚವನ್ನು ಕಂಡ ಕಂಡಲ್ಲಿ ಬಿಗಿಯಬೇಡ. ಕಡ್ಡಿಯನ್ನು ಪೂರ್ತಿ ನೀಲಿಗೆ ತಳ್ಳು. ಬಾನೆಟ್ ಕಡೆ ವಾಲ್ವಿನ ತೋಳನ್ನು ಕೈಯಿಂದಲೇ ಪೂರ್ತಿ ಮುಚ್ಚಿದ ಸ್ಥಿತಿಗೆ ತಿರುಗಿಸು. ಈಗ ತಂತಿಯ ಸಡಿಲನ್ನು ಮೆಲ್ಲಗೆ ಎಳೆದು ತೆಗೆದು, ಆಮೇಲೆ ಕವಚವನ್ನು ಬಿಗಿ. ಎರಡೂ ತುದಿ ಒಂದೇ ಸ್ಥಿತಿಯಲ್ಲಿದ್ದಾಗ ಬಿಗಿದರೆ ಮಾತ್ರ ಕಡ್ಡಿಯ ಓಟ ಪೂರ್ತಿ ಸಿಗುತ್ತದೆ. ಇಲ್ಲದಿದ್ದರೆ ಅರ್ಧ ತೆರೆದು ಅರ್ಧ ಮುಚ್ಚಿ ತ್ರಿಶಂಕು ಸ್ವರ್ಗ.

ಇನ್ನೊಂದು ಮಾತು. ಇಂಜಿನ್ ಬಿಸಿಯಾಗಿದ್ದರೆ, ಚಾವಿ ತೆಗೆದ ಮೇಲೂ ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಫ್ಯಾನು ತಾನಾಗಿಯೇ ತಿರುಗುತ್ತದೆ. ದುಪಟ್ಟಾ ಇದ್ದರೆ ಸೊಂಟಕ್ಕೆ ಕಟ್ಟಿಕೊಂಡು ಕೈ ಹಾಕು.

ಒಂದು ಓಮ್ (ಹುಬ್ಬಳ್ಳಿ) | ಜೂನ್ 15, ರಾತ್ರಿ 9.50

ಮೇಡಂ, ನೀರಿನ ಕಥೆ ಅವರು ನೋಡಿಕೊಳ್ಳಲಿ, ಗಾಳಿಯ ಕಥೆ ನಾನು ಹೇಳುತ್ತೇನೆ. ಕಡೆಯ ವೇಗ ಮಾತ್ರ ಕೆಲಸ ಮಾಡುತ್ತದೆ ಎಂದರೆ ಮೋಟಾರು ಚೆನ್ನಾಗಿದೆ, ಬ್ಲೋವರ್ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡಿ ವೇಗ ತಗ್ಗಿಸುವ ಭಾಗ) ಹೋಗಿದೆ. ನೂರಕ್ಕೆ ತೊಂಬತ್ತು ಸಲ ಇದೇ ಎಂದು ಬರೆಯಲು ಹೊರಟಿದ್ದೆ, ಲೆಕ್ಕದ ಮೇಡಂ ಮುಂದೆ ಬೇಡ ಎಂದು ಬಿಟ್ಟೆ.

ಮೂರನೆಯ ವೇಗದಲ್ಲಿ ಬ್ಯಾಟರಿಯ 12 ವೋಲ್ಟ್ ನೇರವಾಗಿ ಮೋಟಾರಿಗೆ ಹೋಗುತ್ತದೆ. ಒಂದು ಮತ್ತು ಎರಡರಲ್ಲಿ ನಡುವೆ ಸುರುಳಿ ತಂತಿಯ ರೆಸಿಸ್ಟರ್ ಕೂರುತ್ತದೆ. ಉದಾಹರಣೆಗೆ 1 ಓಮ್ ಸುರುಳಿಯಲ್ಲಿ 5 ಆಂಪಿಯರ್ ಹರಿದರೆ ಅಲ್ಲಿ 25 ವ್ಯಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಐರನ್ ಕೂಡ 25 ವ್ಯಾಟೇ. ಆದ್ದರಿಂದಲೇ ಅದನ್ನು ಬ್ಲೋವರಿನ ಗಾಳಿ ಬೀಸುವ ದಾರಿಯಲ್ಲೇ ಕೂರಿಸುತ್ತಾರೆ, ಗಾಳಿ ತಾನೇ ಅದನ್ನು ತಣಿಸುತ್ತದೆ. ಗಾಳಿ ನಿಂತರೆ ಸುರುಳಿ ಸುಡುತ್ತದೆ.

ಗ್ಲೋವ್ ಬಾಕ್ಸ್ ತೆಗೆದರೆ ಬ್ಲೋವರ್ ಡಬ್ಬಿಯ ಮೇಲೆ ಎರಡು ಸ್ಕ್ರೂ ಹಾಕಿದ ಸಣ್ಣ ಪಟ್ಟಿ ಕಾಣಬೇಕು, ಅದಕ್ಕೆ ಮೂರು ನಾಲ್ಕು ತಂತಿಗಳ ಸಾಕೆಟ್. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ ಕರಗಿದೆಯೇ ನೋಡಿ. ಮಲ್ಟಿಮೀಟರ್ ಇದ್ದರೆ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಕೆಲವೇ ಓಮ್ ತೋರಿಸಬೇಕು, ಅಳತೆ ಮೀರಿದೆ ಎಂದು ತೋರಿಸಿದರೆ ಸುರುಳಿ ತುಂಡಾಗಿದೆ. ಕೆಲವದರಲ್ಲಿ ಸುರುಳಿಯ ಪಕ್ಕ, ಅತಿಯಾಗಿ ಬಿಸಿಯಾದರೆ ಕರೆಂಟ್ ಕಡಿಯುವ ಸಣ್ಣ ಥರ್ಮಲ್ ಫ್ಯೂಸ್ ಇರುತ್ತದೆ. ಅದು ಹೋಗಿದ್ದರೆ ತಂತಿಯ ತುಂಡು ಸುತ್ತಿ ಜೋಡಿಸಲು ಯಾರಾದರೂ ಹೇಳಿದರೆ ಕೇಳಬೇಡಿ, ಡ್ಯಾಶ್‌ಬೋರ್ಡಿಗೆ ಬೆಂಕಿ ಬೀಳುವುದು ಹೀಗೆಯೇ. ಹೊಸ ರೆಸಿಸ್ಟರ್ ಹಾಕುವ ಮೊದಲು ಬ್ಲೋವರಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಹೊಸದನ್ನೂ ತಿನ್ನುತ್ತದೆ.

ತುಂಗೆಯ ದಡ | ಜೂನ್ 17, ರಾತ್ರಿ 8.20

ಎರಡು ದಿನದ ವರದಿ.

ಬ್ಲೋವರ್ ಡಬ್ಬಿಯೊಳಗೆ ಇಲಿ ಸಂಸಾರ ಹೂಡಿತ್ತು. ಅಡಿಕೆ ಸಿಪ್ಪೆಯ ನಾರು, ಹತ್ತಿ, ನನ್ನದೇ ಶಾಲೆಯ ಉತ್ತರಪತ್ರಿಕೆಯ ಒಂದು ಮೂಲೆ (ಮೂರು ಅಂಕ ಕೊಟ್ಟಿದ್ದು ಕಾಣುತ್ತಿತ್ತು), ಎಲ್ಲವೂ ಚಕ್ರಕ್ಕೆ ಸುತ್ತಿಕೊಂಡಿದ್ದವು. ತೆಗೆದು ಹಾಕಿದೆ. ರೆಸಿಸ್ಟರಿನ ಸುರುಳಿ ಒಂದು ಕಡೆ ಕಪ್ಪಾಗಿ ತುಂಡಾಗಿತ್ತು. ಶಿವಮೊಗ್ಗದ ಅಂಗಡಿಯಲ್ಲಿ ಹೊಸದು ಸಿಕ್ಕಿತು. ಈಗ ಮೂರೂ ವೇಗ ಸರಿಯಾಗಿವೆ. ಓಮ್ ಅವರಿಗೆ ನೂರಕ್ಕೆ ನೂರು.

ತಂತಿಗೆ ತಗಡಿನ ಪಟ್ಟಿ ಹಾಕಿದೆ, ಹಳೆಯ ಬಿಸ್ಕತ್ ಡಬ್ಬಿಯಿಂದ ಕತ್ತರಿಸಿದ್ದು. ಕಡ್ಡಿ ಈಗ ಬಿಗಿಯಾಗಿದೆ, ಒಂದೊಂದು ಇಂಚಿಗೂ ವಾಲ್ವಿನ ತೋಳು ತಿರುಗುವುದು ಕಣ್ಣಿಗೆ ಕಾಣುತ್ತದೆ, ಕೊನೆಗೆ ಸ್ವಲ್ಪ ಒತ್ತಿ ತಳ್ಳಬೇಕು ಅಷ್ಟೇ. ಖುಷಿಯಿಂದ ಇಂಜಿನ್ ಹಾಕಿದೆ, ಕೆಂಪಿಗೆ ಎಳೆದೆ, ಇಪ್ಪತ್ತು ನಿಮಿಷ ಕಾದೆ.

ತಣ್ಣನೆಯ ಗಾಳಿ. ಮೊದಲು ಒಂದು ವೇಗದಲ್ಲಿ ಬರುತ್ತಿತ್ತು, ಈಗ ಮೂರು ವೇಗದಲ್ಲಿ ಬರುತ್ತಿದೆ.

ಹಳೇ ಸ್ಪ್ಯಾನರ್ | ಜೂನ್ 17, ರಾತ್ರಿ 9.00

ಪೈಪು ಈಗಲೂ ಎರಡೂ ತಣ್ಣಗೆಯೇ? ಹಾಗಿದ್ದರೆ ಒಂದು ಕೆಲಸ ಮಾಡು. ಗೋಡೆಯ ಕಡೆಯಿಂದ ಬೇಡ, ಇಂಜಿನ್ ಕಡೆಯಿಂದ ಹಿಡಿದುಕೊಂಡು ಬಾ. ಇಂಜಿನ್ನಿನಿಂದ ಹೀಟರಿಗೆ ಹೊರಡುವ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಕೈಯಾಡಿಸುತ್ತಾ ನೋಡು. ಇದನ್ನು ಮೊದಲ ದಿನವೇ ಹೇಳಬೇಕಿತ್ತು.

ತುಂಗೆಯ ದಡ | ಜೂನ್ 18, ಸಂಜೆ 5.45

ಸರ್, ಸಿಕ್ಕಿತು. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಗೋಡೆಯಿಂದ ಬಂದ ಎರಡು ಪೈಪುಗಳು ಏರ್ ಫಿಲ್ಟರ್ ಡಬ್ಬಿಯ ಅಡಿಗೆ ಹೋಗಿ ಮರೆಯಾಗುತ್ತಿದ್ದವು. ಅಲ್ಲಿಂದ ಇಂಜಿನ್ನಿಗೆ ಸೇರುತ್ತವೆ ಎಂದುಕೊಂಡಿದ್ದೆ. ಇಂದು ಆ ಡಬ್ಬಿಯನ್ನು ಬಿಚ್ಚಿ ಎತ್ತಿದರೆ, ಎರಡೂ ಪೈಪುಗಳ ಬಾಯಿಗೆ ಒಂದೊಂದು ದಪ್ಪ ಬೋಲ್ಟ್ ತುರುಕಿ ಕ್ಲಾಂಪ್ ಬಿಗಿದಿದ್ದಾರೆ! ಇಂಜಿನ್ ಕಡೆಯ ಎರಡು ಬಾಯಿಗಳಿಗೆ ಬೇರೊಂದು ಪೈಪನ್ನು ಬಳೆಯಂತೆ ಬಗ್ಗಿಸಿ ಸೇರಿಸಿದ್ದಾರೆ. ಅದು ಕೈ ಇಡಲಾಗದಷ್ಟು ಬಿಸಿ. ನೀರು ಇಂಜಿನ್ನಿನಿಂದ ಹೊರಟು ಒಂದು ಗೇಣು ದಾಟಿ ಇಂಜಿನ್ನಿಗೇ ವಾಪಸ್. ಬೋಲ್ಟುಗಳ ತುಕ್ಕು ನೋಡಿದರೆ ನಾವು ಗಾಡಿ ಕೊಳ್ಳುವ ಮೊದಲೇ ಆಗಿರಬೇಕು. ಅಂದರೆ ಅಪ್ಪ ಹದಿನೈದು ಮಳೆಗಾಲ ಇಲ್ಲದ ಹೀಟರಿನ ಕಡ್ಡಿಯನ್ನು ಅತ್ತಿಂದಿತ್ತ ಜಾರಿಸುತ್ತಿದ್ದರು. “ಬರುತ್ತದೆ ಇರು, ಇಂಜಿನ್ ಬಿಸಿಯಾಗಬೇಕು” ಎನ್ನುತ್ತಿದ್ದರು, ಪಾಪ.

ಬಿಸಿಲ ಬೀಡು (ಕಲಬುರಗಿ) | ಜೂನ್ 18, ರಾತ್ರಿ 8.30

ಅಕ್ಕಾ, ಹೀಗೆ ಹೀಟರನ್ನು ಬಿಟ್ಟು ನೀರನ್ನು ಇಂಜಿನ್ನಿಗೇ ತಿರುಗಿಸಿ ಬೈಪಾಸ್ ಮಾಡಿದವರನ್ನು ಅಷ್ಟು ಬೈಯಬೇಡಿ, ನಾನೂ ಒಬ್ಬ. ನಮ್ಮದು ಉಲ್ಟಾ ರೋಗ. 2003ರ ಕಾರು, ಎಸಿ ಇದೆ. ಏಪ್ರಿಲ್‌ನಲ್ಲಿ ಹೊರಗೆ 42 ಡಿಗ್ರಿ, ಒಳಗೆ ಎಸಿ ಹಾಕಿದರೆ ಉಗುರುಬೆಚ್ಚಗಿನ ಗಾಳಿ. ಒಂದು ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿದರು. ಹದಿನೈದು ದಿನಕ್ಕೆ ಅದೇ ಕಥೆ, ಮತ್ತೆ ಗ್ಯಾಸ್ ತುಂಬಿದರು. ಮೂರನೆಯ ಸಲ ಕಂಪ್ರೆಸರ್ ಬದಲಿಸೋಣ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನನ್ನ ಗಾಡಿಗೇ ಹುಟ್ಟಿರಬೇಕು.

ಕೊನೆಗೆ ಮುದುಕರೊಬ್ಬರು ಎಸಿಯನ್ನು ಮುಟ್ಟಲೇ ಇಲ್ಲ. ಹೀಟರಿಗೆ ಹೋಗುವ ಪೈಪಿಗೆ ಬಟ್ಟೆ ಸುತ್ತಿ, ಇಕ್ಕಳದಲ್ಲಿ ಮೆತ್ತಗೆ ಅದುಮಿ ಹಿಡಿದರು. ಎರಡು ನಿಮಿಷಕ್ಕೆ ಒಳಗೆ ತಂಪು ಗಾಳಿ! ಹೀಟರ್ ವಾಲ್ವ್ ಅರ್ಧ ತೆರೆದೇ ಹಿಡಿದುಕೊಂಡಿತ್ತು. ಎಸಿ ತಣಿಸಿದ ಗಾಳಿಯನ್ನು ಬಿಸಿ ಕಾಯಿಲ್ ಪಕ್ಕದಲ್ಲೇ ಮತ್ತೆ ಕಾಯಿಸಿ ಕಳಿಸುತ್ತಿತ್ತು. ಹೊಸ ವಾಲ್ವ್ ಸಿಗುವವರೆಗೆ ಎಂದು ಬೈಪಾಸ್ ಮಾಡಿದರು, ಅದು ಈಗಲೂ ಹಾಗೆಯೇ ಇದೆ. ಕಲಬುರಗಿಯಲ್ಲಿ ಹೀಟರ್ ಹಾಕುವವನು ಯಾರು?

ಹಳೇ ಸ್ಪ್ಯಾನರ್ | ಜೂನ್ 18, ರಾತ್ರಿ 9.20

ಆ ಮುದುಕರ ಕೈಗೆ ನಮಸ್ಕಾರ. ಆದರೆ ಬೈಪಾಸ್ ಮಾಡಿದವರು ಗಾಡಿ ಮಾರುವಾಗ ಹೇಳಿ ಮಾರಬೇಕು.

ಇನ್ನೊಂದು ನಷ್ಟವೂ ಇದೆ. ಘಾಟಿ ಹತ್ತುವಾಗ ಉಷ್ಣತೆಯ ಮುಳ್ಳು ಮೇಲೇರತೊಡಗಿದರೆ, ಹೀಟರನ್ನು ಪೂರ್ತಿ ತೆರೆದು ಬ್ಲೋವರ್ ಜೋರಾಗಿ ಹಾಕಿದರೆ ಅಷ್ಟಿಷ್ಟು ಶಾಖ ಆ ದಾರಿಯಲ್ಲಿ ಹೋಗುತ್ತದೆ. ಬೆವರು ಸುರಿಯುತ್ತದೆ ನಿಜ, ಇಂಜಿನ್ ಮಾತ್ರ ನಿಲ್ಲಿಸಲು ಜಾಗ ಸಿಗುವವರೆಗೆ ಉಳಿಯುತ್ತದೆ. ಬೈಪಾಸ್ ಮಾಡಿದ ಗಾಡಿಗೆ ಆ ಉಪಾಯವೂ ಇಲ್ಲ.

ತಂಗಿ, ಈಗ ಆತುರಪಟ್ಟು ಪೈಪು ಜೋಡಿಸಬೇಡ. ಯಾರೂ ಸುಮ್ಮನೆ ಬೋಲ್ಟ್ ತುರುಕುವುದಿಲ್ಲ. ವಾಲ್ವ್ ಸೋರುತ್ತಿರಬೇಕು, ಇಲ್ಲವೇ ಕಾಯಿಲ್ ಒಡೆದಿರಬೇಕು. ಎಡಗಡೆಯ ಕಾರ್ಪೆಟ್ ಎತ್ತಿ ನೋಡು, ಹಳೆಯ ಕಲೆ ಇದೆಯೇ? ಕಾಯಿಲ್ ಸೋರುವ ಗಾಡಿಯಲ್ಲಿ ಸಿಹಿಸಿಹಿ ವಾಸನೆ ಬರುತ್ತದೆ, ಮುಂಗಾಜಿನ ಒಳಗಡೆ ಜಿಡ್ಡಿನ ಪೊರೆ ಕೂರುತ್ತದೆ. ಕಾಯಿಲನ್ನು ಹೊರಗೆ ತೆಗೆದು ಪರೀಕ್ಷಿಸದೆ ನೀರು ಬಿಡಬೇಡ.

ಹಿಮದ ನಾಡಿನವ (ಟೊರಾಂಟೊ) | ಜೂನ್ 19, ಬೆಳಿಗ್ಗೆ 7.15

ನನ್ನ ಮೂಲ ಊರು ಸಾಗರ. ಆಗುಂಬೆ ಎಂದು ಕಂಡು ಒಳಗೆ ಬಂದೆ. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವ ದಿನಗಳಿವೆ, ಹೀಟರ್ ಕೆಟ್ಟರೆ ಗಾಡಿ ತೆಗೆಯುವ ಮಾತೇ ಇಲ್ಲ.

ಮೇಡಂ ಗಾಡಿಗೆ ಇದು ಅನ್ವಯಿಸುವುದಿಲ್ಲ, ಸ್ವಲ್ಪ ಹೊಸ ಗಾಡಿ ಇರುವವರಿಗೆ ಬರೆಯುತ್ತಿದ್ದೇನೆ. ಈಚಿನ ಬಹಳಷ್ಟು ಕಾರುಗಳಲ್ಲಿ ನೀರಿನ ವಾಲ್ವೇ ಇಲ್ಲ. ಬಿಸಿನೀರು ಕಾಯಿಲಿನಲ್ಲಿ ಸದಾ ಹರಿಯುತ್ತಿರುತ್ತದೆ. ಗಾಳಿ ಕಾಯಿಲಿನ ಮೂಲಕ ಹೋಗಬೇಕೋ ಪಕ್ಕದಿಂದ ಹೋಗಬೇಕೋ ಎಂದು ಒಳಗಿನ ಒಂದು ಬಾಗಿಲು ನಿರ್ಧರಿಸುತ್ತದೆ. ಆ ಬಾಗಿಲನ್ನು ತಿರುಗಿಸುವುದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮೋಟಾರು. ಅದರ ಪ್ಲಾಸ್ಟಿಕ್ ಹಲ್ಲುಚಕ್ರದ ಒಂದು ಹಲ್ಲು ಮುರಿದರೆ, ಗಾಡಿ ಶುರು ಮಾಡಿದ ಕೂಡಲೇ ಡ್ಯಾಶ್‌ಬೋರ್ಡ್ ಹಿಂದಿನಿಂದ ಟಿಕ್ ಟಿಕ್ ಟಿಕ್ ಎಂದು ಹಲ್ಲಿ ಲೊಚಗುಟ್ಟಿದಂತೆ ಕೇಳುತ್ತದೆ. ನನ್ನ ಹೆಂಡತಿ ಆ ಸದ್ದು ಕೇಳಿದಾಗಲೆಲ್ಲ “ಕೃಷ್ಣ ಕೃಷ್ಣ” ಎನ್ನುತ್ತಿದ್ದಳು. ಮೋಟಾರು ಬದಲಿಸಿದ ಮೇಲೆ ಇಬ್ಬರೂ ಸುಮ್ಮನಾದರು.

ಏರ್ ಕೂಲ್ಡ್ (ಮೈಸೂರು) | ಜೂನ್ 19, ಬೆಳಿಗ್ಗೆ 10.00

ನೀವೆಲ್ಲ ನೀರು ನೀರು ಎನ್ನುತ್ತಿದ್ದೀರಿ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ನೀರೇ ಇಲ್ಲ! ಎಕ್ಸಾಸ್ಟ್ ಪೈಪಿನ ಸುತ್ತ ತಗಡಿನ ಕವಚ ಮಾಡಿ, ಅದರೊಳಗೆ ಹಾಯ್ದ ಗಾಳಿಯನ್ನೇ ಕಾರಿನೊಳಕ್ಕೆ ಬಿಡುತ್ತಾರೆ. ತಂತಿ, ಕಡ್ಡಿ ಎಲ್ಲ ಅದಕ್ಕೂ ಇದೆ. ಒಳಗಿನ ಪೈಪು ತುಕ್ಕು ಹಿಡಿದು ತೂತಾದರೆ ಬೆಚ್ಚನೆಯ ಗಾಳಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಯಾರ ಹತ್ತಿರವಾದರೂ ಬೀಟಲ್ ಇದ್ದರೆ ಹೀಟರ್ ತೆರೆಯುವ ಮೊದಲು ಅದನ್ನು ನೋಡಿಸಿ.

ತುಂಗೆಯ ದಡ | ಜೂನ್ 22, ರಾತ್ರಿ 9.15

ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಕಾರ್ಪೆಟ್ ಅಡಿಯಲ್ಲಿ ಕಲೆ ಇತ್ತು ಸರ್, ತಟ್ಟೆಯಷ್ಟು ದೊಡ್ಡದು. ಕಾಯಿಲ್ ತೆಗೆಯಲು ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡನ್ನೇ ಇಳಿಸಬೇಕಂತೆ. ನಮ್ಮದರಲ್ಲಿ ಗ್ಲೋವ್ ಬಾಕ್ಸ್, ಒಂದು ಗಾಳಿಕೊಳವೆ, ನಾಲ್ಕು ಸ್ಕ್ರೂ, ಅಷ್ಟರಲ್ಲಿ ಹೊರಗೆ ಬಂತು. ದಪ್ಪ ನೋಟುಪುಸ್ತಕದಷ್ಟು ಗಾತ್ರ, ತಾಮ್ರ ಮತ್ತು ಹಿತ್ತಾಳೆಯದು. ಸುತ್ತ ಅಂಟಿಸಿದ್ದ ಸ್ಪಂಜು ಮುಟ್ಟಿದರೆ ಉದುರುತ್ತಿತ್ತು.

ಶಿವಮೊಗ್ಗದ ರೇಡಿಯೇಟರ್ ಅಂಗಡಿಗೆ ಒಯ್ದೆ. ಕೆಲಸಗಾರ ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿ, “ತಾಮ್ರ, ಬದುಕುತ್ತದೆ. ಅಲ್ಯುಮಿನಿಯಂ ಆಗಿದ್ದರೆ ಹೊಸದೇ ತರಬೇಕಿತ್ತು” ಎಂದರು. ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿಯ ಪೈಪು ಹಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಮೂಲೆಯ ಒಂದು ಜೋಡಣೆಯಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆದ್ದವು. ಹದಿನೈದು ವರ್ಷದ ಕಾರಣ ಅಷ್ಟೇ. ತಂತಿಬ್ರಷ್ಷಿನಿಂದ ಉಜ್ಜಿ, ಬೆಸುಗೆ ಹಾಕಿ, ಮತ್ತೆ ಮುಳುಗಿಸಿ ತೋರಿಸಿದರು. ಒಳಗಿನ ಕೆಸರನ್ನು ತೊಳೆದಾಗ ಮೊದಲು ಬಂದದ್ದು ರಾಗಿ ಅಂಬಲಿಯ ಬಣ್ಣದ್ದು. ಒಟ್ಟು 650 ರೂಪಾಯಿ.

ವಾಲ್ವ್ ಮಾತ್ರ ಉಳಿಯಲಿಲ್ಲ. ಒಳಗೆ ಬಿಳಿಯ ಉಪ್ಪು ಕಟ್ಟಿ ಅರ್ಧದಲ್ಲೇ ಬಿಗಿದುಕೊಂಡಿತ್ತು. ತಂತಿ ಜೋಡಿಸಿದ ದಿನ ಕೊನೆಗೆ ಒತ್ತಿ ತಳ್ಳಬೇಕಾಗಿದ್ದದ್ದು ಇದಕ್ಕೇ. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಗಾಡಿಗಳ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಯಲ್ಲಿ ಹುಡುಕಲು ಹೇಳಿದ್ದೇನೆ.

ಹಳೇ ಸ್ಪ್ಯಾನರ್ | ಜೂನ್ 23, ಬೆಳಿಗ್ಗೆ 6.50

ಆ ಬಿಳಿ ಉಪ್ಪು ಬೋರ್‌ವೆಲ್ ನೀರಿನ ಪ್ರಸಾದ. ರೇಡಿಯೇಟರಿಗೆ ನಲ್ಲಿ ನೀರು ಹಾಕುವುದು ನಮ್ಮ ಜನರ ಹಳೆಯ ಚಾಳಿ. ಕೂಲೆಂಟ್ ಎಂದರೆ ನೀರು ಹೆಪ್ಪುಗಟ್ಟದಿರಲು ಹಾಕುವುದು, ನಮಗೆ ಯಾಕೆ ಎನ್ನುತ್ತಾರೆ. ನಮಗೆ ಬೇಕಾದ್ದು ಅದರ ಇನ್ನೆರಡು ಗುಣ: ತುಕ್ಕು ಹಿಡಿಯಲು ಬಿಡುವುದಿಲ್ಲ, ನೀರು ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಡಬ್ಬಿಯ ಮೇಲೆ ನೇರವಾಗಿ ಹಾಕಿ ಎಂದು ಬರೆದಿದ್ದರೆ ಹಾಗೆಯೇ ಸುರಿ. ಗಟ್ಟಿ ಕೂಲೆಂಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಂದಿಗೆ ಸಮಸಮ ಬೆರೆಸು. ಹಳೆಯದನ್ನು ಬಸಿದಾಗ ಅಂಗಳದಲ್ಲಿ ಚೆಲ್ಲಬೇಡ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ.

ಹೊಸ ನೀರು ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಕಾಯಿಲ್ ಎತ್ತರದಲ್ಲಿದ್ದರೆ ಅಲ್ಲಿಯೇ ಹೋಗಿ ಕೂರುತ್ತದೆ. ಗಾಡಿಯ ಮೂತಿ ಮೇಲಕ್ಕಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡು. ವಾಲ್ವ್ ಪೂರ್ತಿ ತೆರೆದಿರಲಿ. ತಣ್ಣನೆಯ ಇಂಜಿನ್ನಿನಲ್ಲಿ ಮುಚ್ಚಳ ತೆಗೆದೇ ಶುರು ಮಾಡಿ, ಗುಳುಗುಳು ಎಂದು ಗುಳ್ಳೆ ಬರುವಷ್ಟು ಹೊತ್ತು ಕೂಲೆಂಟ್ ಸೇರಿಸುತ್ತಾ ಇರು. ನೀರು ಬಿಸಿಯೇರಿ ಮೇಲಕ್ಕೆ ಉಬ್ಬತೊಡಗುವ ಮೊದಲೇ ಮುಚ್ಚಳ ಹಾಕು. ಮಾರನೆಯ ದಿನ ತಣ್ಣಗಿರುವಾಗ ಮಟ್ಟ ನೋಡಿ, ಇಳಿದಿದ್ದರೆ ಮತ್ತೆ ತುಂಬು.

ಬಿಸಿಲ ಬೀಡು | ಜೂನ್ 23, ಮಧ್ಯಾಹ್ನ 1.10

ಆವಿಯ ಬಗ್ಗೆ ಒಂದು ಪ್ರಶ್ನೆ. ಬಿಸಿ ಗಾಳಿ ಊದಿದರೆ ಗಾಜು ಯಾಕೆ ತಿಳಿಯಾಗುತ್ತದೆ? ನಾನು ಎಸಿ ಹಾಕಿಯೂ ತಿಳಿಯಾಗಿದ್ದನ್ನು ನೋಡಿದ್ದೇನೆ.

ತುಂಗೆಯ ದಡ | ಜೂನ್ 23, ಸಂಜೆ 7.40

ಇದು ನನ್ನ ಪಾಲಿನ ಪ್ರಶ್ನೆ, ಪಕ್ಕದ ವಿಜ್ಞಾನದ ಮೇಷ್ಟ್ರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ನಮ್ಮ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಇವುಗಳಿಂದ ಕಾರಿನೊಳಗಿನ ಗಾಳಿಯಲ್ಲಿ ತೇವ ತುಂಬುತ್ತದೆ. ಹೊರಗೆ ಮಳೆ ಬಿದ್ದು ಗಾಜು ತಣ್ಣಗಾಗಿರುತ್ತದೆ, ತೇವ ಅದರ ಮೇಲೆ ಹನಿಗಟ್ಟುತ್ತದೆ. ಬೆಚ್ಚನೆಯ ಗಾಳಿ ಗಾಜನ್ನೂ ಕಾಯಿಸುತ್ತದೆ, ಹೆಚ್ಚು ತೇವವನ್ನು ಹೊತ್ತೂ ಒಯ್ಯುತ್ತದೆ. ಎಸಿ ಬೇರೆ ದಾರಿ ಹಿಡಿಯುತ್ತದೆ: ಗಾಳಿಯ ತೇವವನ್ನು ತನ್ನ ತಣ್ಣನೆಯ ಕಾಯಿಲಿನ ಮೇಲೆ ನೀರಾಗಿಸಿ ಹೊರಗೆ ಸುರಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನೂ ಬೇಗ. ಹೊರಗಿನ ಗಾಳಿ ಬರುವ ಕಡ್ಡಿ ತೆರೆದಿರಬೇಕು. ಒಳಗಿನ ಗಾಳಿಯನ್ನೇ ಸುತ್ತಿಸುವ ಸ್ಥಿತಿಯಲ್ಲಿ ಬಿಟ್ಟರೆ ನಮ್ಮ ಉಸಿರೇ ನಮ್ಮ ಕಣ್ಣು ಕಟ್ಟುತ್ತದೆ.

ಅಪ್ಪ ಹೊಗೆಸೊಪ್ಪನ್ನು ನೆನೆಸಿ ಗಾಜಿಗೆ ಉಜ್ಜುತ್ತಿದ್ದರು. ಸ್ವಲ್ಪ ಹೊತ್ತು ಕೆಲಸ ಮಾಡುತ್ತಿತ್ತು. ಕಾರೆಲ್ಲ ಬೀಡಿ ಅಂಗಡಿಯ ವಾಸನೆ.

ತುಂಗೆಯ ದಡ | ಜುಲೈ 2, ರಾತ್ರಿ 8.55

ವಾಲ್ವ್ ಬಂತು, ಹಾಕಿದೆ. ಪೈಪುಗಳೂ ಕ್ಲಾಂಪುಗಳೂ ಹೊಸವು. ಕೂಲೆಂಟ್ ತುಂಬಿ, ಶಾಲೆಯ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದೆ, ಮಕ್ಕಳೆಲ್ಲ ಸುತ್ತ ನಿಂತು ಗುಳ್ಳೆ ಎಣಿಸಿದರು. ಎರಡೂ ಪೈಪು ಬಿಸಿಯಾದವು. ಒಳಗೆ ಹೋಗಿ ಕೂತು ಕಡ್ಡಿಯನ್ನು ಕೆಂಪಿಗೆ ಎಳೆದೆ, ತಣ್ಣನೆಯ ಗಾಳಿ.

ಒಂದು ಕ್ಷಣ ಗಾಡಿಗೆ ಬೆಂಕಿ ಇಡೋಣ ಎನಿಸಿತು. ಸಿಟ್ಟಿನಲ್ಲಿ ಕಡ್ಡಿಯನ್ನು ನೀಲಿಗೆ ತಳ್ಳಿದರೆ, ಮುಖಕ್ಕೆ ಬಿಸಿ ಗಾಳಿ ರಪ್ಪೆಂದು ಬಡಿಯಿತು.

ಹಳೇ ಸ್ಪ್ಯಾನರ್ | ಜುಲೈ 2, ರಾತ್ರಿ 9.30

ಹುಡುಗ ಬೇರೆ ಗಾಡಿಯ ವಾಲ್ವ್ ತಂದಿದ್ದಾನೆ. ಕೆಲವು ವಾಲ್ವುಗಳು ತಂತಿ ಎಳೆದರೆ ತೆರೆಯುತ್ತವೆ, ಕೆಲವು ತಳ್ಳಿದರೆ ತೆರೆಯುತ್ತವೆ. ನೋಡಲು ಅವಳಿಜವಳಿ. ತೋಳು ಎರಡೂ ಕಡೆ ಪೂರ್ತಿ ತಿರುಗುತ್ತಿದ್ದರೆ, ಸೋರದಿದ್ದರೆ, ಗಾಡಿಗೆ ಏನೂ ಆಗುವುದಿಲ್ಲ. ಬೇಕಾದರೆ ಬದಲಿಸು. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿ, ಹೊಸ ರಬ್ಬರ್ ಸ್ವಲ್ಪ ಕೂರುತ್ತದೆ.

ತುಂಗೆಯ ದಡ | ಜುಲೈ 6, ಸಂಜೆ 6.10

ನಿನ್ನೆ ಮತ್ತೆ ಉಡುಪಿಗೆ ಹೋಗಿ ಬಂದೆವು. ಘಾಟಿಯಲ್ಲಿ ಮಳೆ ಹಗ್ಗ ಇಳಿಬಿಟ್ಟ ಹಾಗೆ ಸುರಿಯುತ್ತಿತ್ತು. ಗಾಜಿನ ಕೆಳಗಿನ ಅಂಚಿನಿಂದ ಆವಿ ಕರಗುತ್ತಾ ಮೇಲೇರಿ, ಎರಡನೆಯ ತಿರುವಿನ ಹೊತ್ತಿಗೆ ಪೂರ್ತಿ ತಿಳಿಯಾಯಿತು. ಕ್ಲಾಂಪ್ ಇಂದು ಬಿಗಿದೆ, ಒಂದು ಸುತ್ತಿನ ಕಾಲುಭಾಗ ಹಿಡಿಯಿತು.

ವಾಲ್ವ್ ಬದಲಿಸುವುದಿಲ್ಲ ಸರ್. ವಾಪಸ್ ಬರುವಾಗ ಸೋಮೇಶ್ವರ ದಾಟುತ್ತಿದ್ದಂತೆ ಅಮ್ಮ ಶಾಲು ಎಳೆದುಕೊಂಡು, “ಚಳಿಯಾಗುತ್ತಿದೆ, ಸ್ವಲ್ಪ ನೀಲಿಗೆ ಹಾಕು” ಎಂದರು.